ತಾಮ್ರ ಒಂದೇ, ಮಣ್ಣು ಎರಡು: ಲೋಹಗಳಿಗೆ ನಿಯಮ ಬರೆಯುವ ಮುನ್ನ

(ಧಾರವಾಡದಲ್ಲಿ ರೈತರು, ವಿಜ್ಞಾನ ವಿದ್ಯಾರ್ಥಿಗಳು ಮತ್ತು ಸಣ್ಣ ಕಾರ್ಖಾನೆ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವು ಕುಳಿತಿರುವ ಈ ಊರು ನೀರು ಎರಡು ದಿಕ್ಕಿಗೆ ಹರಿದುಹೋಗುವ ದಿಬ್ಬದ ಮೇಲಿದೆ. ಇಲ್ಲೇ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಬೇಡ್ತಿಯನ್ನು ಸೇರಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಪೂರ್ವಕ್ಕೆ ಇಳಿದ ನೀರು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಣ್ಣಿನ ಕಥೆಯೂ ಹಾಗೇ. ಅಳ್ನಾವರ, ಕಲಘಟಗಿ ಕಡೆ ಹೋದರೆ ಕೆಂಪು ಮಸಾರಿ, ಮಳೆಗೆ ತೊಳೆದು ತೊಳೆದು ಹುಳಿಯಾದ ನೆಲ. ನವಲಗುಂದ, ಅಣ್ಣಿಗೇರಿ ದಾಟಿ ಗದಗದ ಕಡೆ ಹೊರಟರೆ ಎರೆ ಭೂಮಿ. ಗುದ್ದಲಿ ಹಾಕಿದರೆ ಸುಣ್ಣದ ಹರಳು ಸಿಗುತ್ತವೆ, ಪಿಎಚ್ (ಹುಳಿ-ಕ್ಷಾರದ ಅಳತೆ; 7 ಸಮ, ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) 8ರ ಮೇಲೇ ಇರುತ್ತದೆ. ಒಂದು ಜಿಲ್ಲೆಯೊಳಗೇ, ಬಸ್ಸಿನಲ್ಲಿ ಎರಡು ತಾಸಿನ ದಾರಿಯಲ್ಲಿ, ಇಷ್ಟು ಬೇರೆ ಸ್ವಭಾವದ ಎರಡು ನೆಲಗಳು.

ಈ ಎರಡೂ ಕಡೆ ಒಂದೇ ಅಳತೆಯ ತಾಮ್ರ ಚೆಲ್ಲಿದರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಲೋಹಗಳ ಮಾಲಿನ್ಯಕ್ಕೆ ಮಿತಿ ಹಾಕುವ ಕಾನೂನುಗಳು ಬಹುತೇಕ ಕೇಳದೇ ಬಿಡುವ ಪ್ರಶ್ನೆ ಇದು. ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ, ಒಂದು ಕಿಲೋದಲ್ಲಿ ಇಷ್ಟು ಮಿಲಿಗ್ರಾಂ ಎಂದು ಅಂಕಿ ಬರೆದು ಮುಗಿಸುತ್ತವೆ. ಲೋಹ ಯಾವ ರೂಪದಲ್ಲಿದೆ, ಯಾವ ನೀರಿಗೆ ಬೀಳುತ್ತದೆ, ಯಾವ ಮಣ್ಣಿನಲ್ಲಿ ಕೂರುತ್ತದೆ, ಕೊನೆಗೆ ಯಾರ ಹೊಟ್ಟೆಗೆ ಸೇರುತ್ತದೆ ಎಂಬುದನ್ನು ನೋಡದೆ ಬರೆದ ಅಂಕಿ ಒಂದು ಕಡೆ ಬೇಡದ ಕಾಟ ಕೊಡುತ್ತದೆ, ಇನ್ನೊಂದು ಕಡೆ ಕಾಪಾಡಬೇಕಾದವರನ್ನು ಕೈಬಿಡುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಹಾನಗಲ್ ಕಡೆಯ ಅಡಿಕೆ ತೋಟದವರು ಇಲ್ಲಿ ಕೆಲವರಿದ್ದೀರಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕೆಲಸ ನಿಮಗೆ ಹೊಸದಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ದ್ರಾವಣವನ್ನು ನಮ್ಮ ಅಡಿಕೆಗೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ನೂರು ವರ್ಷದ ಮೇಲಾಯಿತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಐವತ್ತು ಲೀಟರಿನಲ್ಲಿ ಮೈಲುತುತ್ತ ಕರಗಿಸಿ, ಇನ್ನೈವತ್ತರಲ್ಲಿ ಸುಣ್ಣ ಅರಳಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುವುತ್ತಾರೆ. ಕಬ್ಬಿಣದ ಪಾತ್ರೆ ಬಳಸುವುದಿಲ್ಲ. ಆಮೇಲೆ ತೋಟದ ಯಜಮಾನ ಮಾಡುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ಚೆನ್ನಾಗಿ ಉಜ್ಜಿದ ಕುಡಗೋಲು ಅಥವಾ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಮೇಲೆತ್ತುತ್ತಾನೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ "ಸುಣ್ಣ ಸಾಲದು" ಎಂದು ಇನ್ನಷ್ಟು ಸುಣ್ಣ ಹಾಕುತ್ತಾನೆ. ಅಲಗು ಬೆಳ್ಳಗೇ ಉಳಿದರೆ ದ್ರಾವಣ ಹದಕ್ಕೆ ಬಂತು.

ಆ ಕೆಂಪು ಬಣ್ಣ ತಾಮ್ರವೇ. ನೀರಿನಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿ ತೇಲುತ್ತಿರುವ ತಾಮ್ರದ ಅಯಾನು (ಆವೇಶ ಹೊತ್ತ ಕಣ) ಕಬ್ಬಿಣ ಸಿಕ್ಕ ಕೂಡಲೇ ಅದರ ಮೇಲೆ ಲೋಹವಾಗಿ ಕೂರುತ್ತದೆ. ಬಿಡಿ ತಾಮ್ರ ಉಳಿದ ದ್ರಾವಣ ಹೊಡೆದರೆ ಸಿಂಗಾರ, ಎಳೆಕಾಯಿ ಸುಡುತ್ತವೆ. ಸುಣ್ಣ ಸಾಕಷ್ಟು ಬಿದ್ದಾಗ ಅದೇ ತಾಮ್ರ ಕರಗದ ನೀಲಿ ಗಸಿಯಾಗಿ ಕಾಯಿಯ ಮೇಲೆ ಅಂಟಿಕೊಂಡು, ಮಳೆಗೆ ಚೂರುಚೂರೇ ಬಿಡುತ್ತ ಬೂಸ್ಟಿನಿಂದ ಕಾಪಾಡುತ್ತದೆ. ಗಮನಿಸಿ, ಡ್ರಮ್ಮಿನಲ್ಲಿರುವ ಒಟ್ಟು ತಾಮ್ರ ಸುಣ್ಣ ಹಾಕುವ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇದೆ. ಪ್ರಯೋಗಾಲಯಕ್ಕೆ ಕಳಿಸಿ ಒಟ್ಟು ತಾಮ್ರ ಅಳೆಸಿದರೆ ಎರಡಕ್ಕೂ ಒಂದೇ ಅಂಕಿ ಬರುತ್ತದೆ. ಆ ಅಂಕಿಯಿಂದ ಯಾವುದು ಸುಡುತ್ತದೆ, ಯಾವುದು ಕಾಪಾಡುತ್ತದೆ ಎಂದು ಹೇಳಲಾಗದು. ಕುಡಗೋಲು ಹೇಳುತ್ತದೆ. ಲೋಹಗಳ ಅಪಾಯ ಅಳೆಯುವ ಇವತ್ತಿನ ವಿಜ್ಞಾನ ಹುಡುಕುತ್ತಿರುವುದೂ ಅಂಥದೊಂದು ಅಲಗನ್ನೇ.

ಇನ್ನು ಆ ತಾಮ್ರ ನೆಲಕ್ಕೆ ಬಿದ್ದ ಮೇಲಿನ ಲೆಕ್ಕ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಎಕರೆಗೆ 500 ಲೀಟರ್ ಹೊಡೆದರೆ 5 ಕಿಲೋ ಮೈಲುತುತ್ತ, ಅಂದರೆ ಸುಮಾರು ಒಂದೂಕಾಲು ಕಿಲೋ ತಾಮ್ರ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಎರಡು ಸಲ ಹೊಡೆದು, ಎಲ್ಲವೂ ಅಲ್ಲೇ ಉಳಿದರೆ, ವರ್ಷಕ್ಕೆ 3 ಪಿಪಿಎಂಗಿಂತ (ಕಿಲೋ ಮಣ್ಣಿಗೆ 3 ಮಿಲಿಗ್ರಾಂಗಿಂತ) ತುಸು ಕಡಿಮೆ ಏರುತ್ತದೆ. ಐವತ್ತು ವರ್ಷಕ್ಕೆ 140ರ ಆಸುಪಾಸು. ಜಗತ್ತಿನ ಮಣ್ಣುಗಳಲ್ಲಿ ಸಹಜವಾಗಿ ಇರುವ ತಾಮ್ರದ ಸರಾಸರಿ 20ರಿಂದ 30 ಪಿಪಿಎಂ. ಅಜ್ಜನ ಕಾಲದಿಂದ ಬೋರ್ಡೋ ಕಂಡ ತೋಟದಲ್ಲಿ ಅದರ ಹಲವು ಪಟ್ಟು ಸೇರಿರಬಹುದು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ.

ಆದರೆ 140 ಎಂಬುದು ಎಷ್ಟು ಕೆಟ್ಟದ್ದು? ಇದೇ ಪ್ರಮಾಣ ಅಣ್ಣಿಗೇರಿಯ ಎರೆಯಲ್ಲಿದ್ದರೆ ಜೇಡಿಯೂ ಸುಣ್ಣವೂ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸಿಗುವುದು ಸ್ವಲ್ಪ. ತೋಟದ ಹುಳಿ ಮಣ್ಣಿನಲ್ಲಿ ಆ ಹಿಡಿತ ಸಡಿಲ. ಅಲ್ಲಿ ಎರೆಹುಳಕ್ಕೂ ಬೇರಿಗಂಟಿದ ಶಿಲೀಂಧ್ರಕ್ಕೂ ಅದು ತಾಗುತ್ತದೆ. ಸೊಪ್ಪು, ಗೊಬ್ಬರ ಚೆನ್ನಾಗಿ ಹಾಕಿದ ತೋಟದಲ್ಲಿ ಸಾವಯವ ಅಂಶ ಒಂದಷ್ಟನ್ನು ಹಿಡಿದಿಡುತ್ತದೆ ಎಂಬುದೂ ನಿಜ. ಅಂಕಿ ಒಂದೇ ಆದರೂ ನೆಲದಿಂದ ನೆಲಕ್ಕೆ ಅದರ ಪರಿಣಾಮ ಬೇರೆ.

ಇದರ ಇನ್ನೊಂದು ಮುಖವನ್ನು ನಮ್ಮ ಎರೆ ಭೂಮಿಯೇ ತೋರಿಸುತ್ತದೆ. ಗೋವಿನಜೋಳ ಬಿತ್ತುವವರಿಗೆ ಗೊತ್ತು: ಎಳೆ ಪೈರಿನ ಸುಳಿ ಬೆಳ್ಳಗಾಗಿ, ಎಲೆಯ ನಡುನರದ ಎರಡೂ ಬದಿ ಬಿಳಿ ಪಟ್ಟಿ ಮೂಡುತ್ತದೆ. ಸತುವಿನ ಕೊರತೆ. ಆ ಹೊಲದ ಮಣ್ಣನ್ನು ಪ್ರಬಲ ಆಮ್ಲದಲ್ಲಿ ಕುದಿಸಿ ಅಳೆದರೆ ಸತು ಹತ್ತಾರು ಪಿಪಿಎಂ ಇರುತ್ತದೆ, ಬೆಳೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕೀಲಿ ಕಳೆದ ತಿಜೋರಿಯಲ್ಲಿ ದುಡ್ಡಿದ್ದಂತೆ, ಇದ್ದೂ ಕೈಗೆ ಬರುವುದಿಲ್ಲ. ಅದಕ್ಕೇ ಮಣ್ಣು ಪರೀಕ್ಷೆ ಮಾಡುವವರು ಆಮ್ಲದಲ್ಲಿ ಕುದಿಸುವುದಿಲ್ಲ. ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಸೋಸಿ, ಹತ್ತು ಗ್ರಾಂ ತೂಗಿ ಬಾಟಲಿಗೆ ಹಾಕುತ್ತಾರೆ. ಅದಕ್ಕೆ ಡಿಟಿಪಿಎ ಎಂಬ ದ್ರಾವಣ 20 ಮಿಲಿ. ಈ ದ್ರಾವಣದ ಪಿಎಚ್ 7.3ಕ್ಕೆ ಹೊಂದಿಸಿರಬೇಕು, ಇಲ್ಲದಿದ್ದರೆ ಸುಣ್ಣ ಕರಗಿ ಲೆಕ್ಕ ತಪ್ಪುತ್ತದೆ. ಎರಡು ತಾಸು ಬಾಟಲಿ ಅಲುಗಾಡುತ್ತಲೇ ಇರಬೇಕು. ಆಮೇಲೆ ಸೋಸಿದ ತಿಳಿಯನ್ನು ಪರಮಾಣು ಹೀರಿಕೆಯ ಯಂತ್ರದಲ್ಲಿ ಓದುತ್ತಾರೆ. ಲಿಂಡ್ಸೆ ಮತ್ತು ನಾರ್ವೆಲ್ ಎಂಬ ಇಬ್ಬರು ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ವಿಧಾನ ಇದು. ಬೇರು ಎಷ್ಟನ್ನು ಹೀರಿಕೊಂಡೀತು ಎಂಬುದನ್ನು ಇದು ಅಂದಾಜು ಮಾಡುತ್ತದೆ. ಸತು 0.6 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ ಎಂದು ಬರೆದು, ಸತುವಿನ ಸಲ್ಫೇಟ್ ಹಾಕಲು ಹೇಳುತ್ತಾರೆ.

ಬೆಳೆಗೆ ಕೊರತೆಯಾದಾಗ ನಾವು ಎಷ್ಟು ಜಾಣರಾಗಿದ್ದೇವೆ ನೋಡಿ. ಒಟ್ಟು ಮೊತ್ತ ನಂಬದೆ, ಜೀವಿಗೆ ದಕ್ಕುವ ಪಾಲನ್ನು ಮಾತ್ರ ಅಳೆಯುತ್ತೇವೆ. ಅದೇ ಲೋಹ ಮಾಲಿನ್ಯವಾಗಿ ಬಂದಾಗ ಆ ಜಾಣತನ ಮರೆತು ಒಟ್ಟು ಮೊತ್ತಕ್ಕೆ ಹಿಂತಿರುಗುತ್ತೇವೆ. ಒಂದೇ ಸತು ಒಂದು ಕಡೆ ದುಡ್ಡು ಕೊಟ್ಟು ತರುವ ಗೊಬ್ಬರ, ಕಾರ್ಖಾನೆಯ ಗಟಾರದಲ್ಲಿ ಅದೇ ಅಪರಾಧ. ಎರಡೂ ಸರಿ ಇರಬಹುದು. ಯಾವಾಗ ಯಾವುದು ಸರಿ ಎಂದು ತೀರ್ಮಾನಿಸಲು ಅಳೆಯುವ ವಿಧಾನ ಬೇಕು.

ಈ ಗೊಂದಲ ನಮ್ಮ ದೇಶದ್ದಷ್ಟೇ ಅಲ್ಲ. ಡಿಡಿಟಿಯಂಥ ರಾಸಾಯನಿಕಗಳಿಗಾಗಿ ಜಗತ್ತು ಒಂದು ಒರೆಗಲ್ಲು ಮಾಡಿಕೊಂಡಿತ್ತು: ಅದು ಕೊಳೆಯದೆ ಉಳಿಯುತ್ತದೆಯೇ, ಜೀವಿಗಳ ಮೈಯಲ್ಲಿ ಸೇರುತ್ತ ಹೋಗುತ್ತದೆಯೇ, ವಿಷವೇ? ಮೂರಕ್ಕೂ ಹೌದು ಎಂದರೆ ಕಠಿಣ ನಿಯಮ. ಮನುಷ್ಯ ತಯಾರಿಸಿದ ಸಂಯುಕ್ತಗಳಿಗೆ ಇದು ಒಳ್ಳೆಯ ಪರೀಕ್ಷೆ. ಲೋಹಕ್ಕೆ ಇದು ಹೊಂದುವುದಿಲ್ಲ. ಮೂಲಧಾತು ಎಂದ ಮೇಲೆ ಎಲ್ಲ ಲೋಹಗಳೂ ಕೊಳೆಯದೆ ಉಳಿಯುತ್ತವೆ, ನಿಮ್ಮ ರಕ್ತದ ಕಬ್ಬಿಣವೂ ಸೇರಿ. ಮೈಯಲ್ಲಿ ಸೇರುವುದೇ ದೋಷವೆಂದರೆ ಸತು, ತಾಮ್ರಗಳನ್ನು ಬದುಕಲಿಕ್ಕಾಗಿ ಹಿಡಿದಿಟ್ಟುಕೊಳ್ಳುವ ಪ್ರತಿ ಪ್ರಾಣಿಯೂ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. 2001ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೀಸಕ್ಕೆ ಈ ಒರೆಗಲ್ಲು ಹಚ್ಚಿ, ವರ್ಷಕ್ಕೆ 100 ಪೌಂಡ್ ಸೀಸ ಬಳಸುವವರೂ ಲೆಕ್ಕ ಕೊಡಬೇಕೆಂದಾಗ ಲೋಹಗಳಿಗೆ ಇದು ತಕ್ಕುದೇ ಎಂಬ ವಾದ ಜೋರಾಯಿತು. ಕೊನೆಗೆ 2007ರ ಮಾರ್ಚ್‌ನಲ್ಲಿ ಆ ಸಂಸ್ಥೆ ಲೋಹಗಳಿಗೆಂದೇ ಬೇರೆ ಚೌಕಟ್ಟು ಪ್ರಕಟಿಸಿತು. ಲೋಹ ನೆಲದಲ್ಲಿ ಸಹಜವಾಗಿಯೇ ಇದೆ, ಊರಿಂದ ಊರಿಗೆ ಬೇರೆ ಬೇರೆ ಇದೆ. ಅವು ಯಾವಾಗಲೂ ಒಂದರ ಜೊತೆ ಇನ್ನೊಂದು ಬೆರೆತೇ ಇರುತ್ತವೆ. ಕೆಲವು ಜೀವಕ್ಕೆ ಬೇಕೇ ಬೇಕು. ಅವು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ರೂಪ ಮಾತ್ರ ಬದಲಿಸುತ್ತವೆ. ಒಂದೊಂದು ರೂಪವನ್ನು ಒಂದೊಂದು ಜೀವಿ ಒಂದೊಂದು ರೀತಿ ಒಳಗೆ ತೆಗೆದುಕೊಳ್ಳುತ್ತದೆ. ಅಪಾಯ ಅಳೆಯುವವರು ಇವಿಷ್ಟನ್ನೂ ಎದುರಿಗಿಟ್ಟುಕೊಳ್ಳಬೇಕು ಎಂಬುದು ಅದರ ಸಾರ. ನಮ್ಮ ಅಡಿಕೆ ತೋಟದವನ ಕುಡಗೋಲಿಗೆ ಗೊತ್ತಿದ್ದದ್ದೂ ಇದರಲ್ಲಿದೆ.

ನೀರಿನ ವಿಷಯದಲ್ಲಿ ಅಮೆರಿಕದ ನಿಯಮ ಅದಕ್ಕೂ ಮೊದಲೇ ತುಸು ಮುಂದಿತ್ತು. ಗಡಸು ನೀರಿನ ಕ್ಯಾಲ್ಸಿಯಂ ಮೀನಿನ ಕಿವಿರಿನ ಮೇಲೆ ಸತುವಿಗೆ ಜಾಗ ಬಿಡುವುದಿಲ್ಲ. ಆದ್ದರಿಂದ ಅಲ್ಲಿ ನೀರಿನ ಗಡಸುತನ ದುಪ್ಪಟ್ಟಾದರೆ ಸತುವಿನ ಮಿತಿಯೂ ಸುಮಾರು 1.8 ಪಟ್ಟು ಏರುತ್ತದೆ. ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ಹಳ್ಳ-ನದಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಲೀಟರಿಗೆ ಸತು 5 ಮಿಲಿಗ್ರಾಂ, ತಾಮ್ರ 3 ಮಿಲಿಗ್ರಾಂ ತನಕ ಇರಬಹುದು. ಅದು ಶಾಲ್ಮಲೆಯ ಮೃದು ನೀರಿಗೂ ಅಷ್ಟೇ, ಬೆಣ್ಣಿಹಳ್ಳದ ಗಡಸು ನೀರಿಗೂ ಅಷ್ಟೇ. ನದಿಯ ನೀರು ಬೆರೆತು ತಿಳಿಯಾಗುತ್ತದೆ ಎಂಬ ನಂಬಿಕೆ ಆ ಅಂಕಿಯ ಹಿಂದೆ ಇದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಹಳ್ಳಗಳನ್ನು ನೋಡಿದವರಿಗೆ ಬೆರೆಯಲು ನೀರೇ ಇರುವುದಿಲ್ಲ ಎಂಬುದು ಗೊತ್ತು. ಮೃದು ನೀರಿನಲ್ಲಿ ಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ತಾಮ್ರ ಎಳೆಮೀನಿಗೆ ಸಾವು ತರಬಲ್ಲದು. 3 ಮಿಲಿಗ್ರಾಂ ಎಂದರೆ 3000 ಮೈಕ್ರೋಗ್ರಾಂ.

ಇಷ್ಟು ಕೇಳಿದ ಮೇಲೆ ಎರೆ ಭೂಮಿಯವರಿಗೆ ನೆಮ್ಮದಿ ಎನಿಸಿರಬಹುದು. "ನಮ್ಮ ಮಣ್ಣು ಎಲ್ಲಾ ಹಿಡದ ಇಟಗೊಂತೈತಲ್ರಿ" ಎಂದು ಗದಗದ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಎಲ್ಲವನ್ನೂ ಹಿಡಿದಿಡುವುದಿಲ್ಲ. ಸತು, ತಾಮ್ರ, ಸೀಸಗಳು ಧನ ಆವೇಶ ಹೊತ್ತವು, ಸುಣ್ಣದ ಮಣ್ಣಿನಲ್ಲಿ ಕೂರುತ್ತವೆ. ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ (ಆರು ಎಲೆಕ್ಟ್ರಾನ್ ಕಳೆದುಕೊಂಡ ರೂಪದ) ಕ್ರೋಮಿಯಂ ಆಮ್ಲಜನಕದ ಜೊತೆ ಸೇರಿ ಋಣ ಆವೇಶ ಹೊತ್ತು ಓಡಾಡುತ್ತವೆ. ಪಿಎಚ್ ಏರಿದಂತೆ ಅವುಗಳ ಮೇಲೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಹುಳಿ ಮಸಾರಿಯ ಕಬ್ಬಿಣದ ಆಕ್ಸೈಡುಗಳು ಅವನ್ನು ಚೆನ್ನಾಗಿ ಹಿಡಿಯುತ್ತವೆ, ಎರೆಯಲ್ಲಿ ಅವು ನೀರಿನೊಂದಿಗೆ ಕೆಳಗೆ ಇಳಿಯುತ್ತವೆ. ತಾಮ್ರಕ್ಕೆ ಒಳ್ಳೆಯದಾದ ನೆಲ ಆರ್ಸೆನಿಕ್‌ಗೆ ಕೆಟ್ಟ ನೆಲ. ಹಾಗಾಗಿ "ಲೋಹಗಳು" ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ನಿಯಮ ಬರೆಯುವುದನ್ನು ನಾನು ಒಪ್ಪುವುದಿಲ್ಲ. (ಆರ್ಸೆನಿಕ್ ಕಟ್ಟುನಿಟ್ಟಾಗಿ ಲೋಹವಲ್ಲ, ಅರೆಲೋಹ. ಮಾಲಿನ್ಯದ ಲೆಕ್ಕದಲ್ಲಿ ಎಲ್ಲರೂ ಜೊತೆಗೇ ಇಡುತ್ತಾರೆ, ನಾನೂ ಇಟ್ಟಿದ್ದೇನೆ.)

ಆರ್ಸೆನಿಕ್ ಮಾತು ಬಂದರೆ ಕಪ್ಪತಗುಡ್ಡ ನೆನಪಾಗಲೇಬೇಕು. ಗದಗದ ಆ ಸಾಲಿನಲ್ಲಿ ಚಿನ್ನವಿದೆ. ಹಳಗಾಲದ ಅಗೆತದ ಗುರುತುಗಳೂ ಇವೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಅಗೆದ ಗಣಿಗಳೂ ಇವೆ. ಅಲ್ಲಿಯ ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜ ಸಿಗುತ್ತದೆ: ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ್ದು. ಬಂಡೆಯ ಹೊಟ್ಟೆಯಲ್ಲಿ ಗಾಳಿ ಸೋಕದೆ ಇರುವ ತನಕ ಅದರಿಂದ ಏನೂ ತೊಂದರೆಯಿಲ್ಲ. ಅಗೆದು, ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದ ಹಿಟ್ಟನ್ನು ಬಯಲಲ್ಲಿ ರಾಶಿ ಹಾಕಿದಾಗ ಗಾಳಿ, ಮಳೆ ಸೇರಿ ಗಂಧಕ ಆಮ್ಲವಾಗುತ್ತದೆ, ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಗಾಯ, ಗಂಟುಗಳು ಕಂಡದ್ದು ದಾಖಲಾಗಿದೆ. ಅದೂ ಚಿನ್ನದ ಬಂಡೆಯ ಪಟ್ಟಿಯೇ. ಕಪ್ಪತಗುಡ್ಡಕ್ಕಾಗಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗದ ಜನ ಹೋರಾಡಿದ್ದರಿಂದ, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಿಡಮೂಲಿಕೆ, ಮಳೆ, ಗಾಳಿ ಎಂದು ಜನ ವಾದಿಸಿದರು, ಸರಿಯಾಗಿಯೇ ವಾದಿಸಿದರು. ಬಂಡೆಯೊಳಗಿನ ಆರ್ಸೆನಿಕ್ ಬಂಡೆಯೊಳಗೇ ಉಳಿಯಲಿ ಎಂಬ ಕಾರಣವನ್ನೂ ಅವರ ಪಟ್ಟಿಗೆ ನಾನು ಸೇರಿಸುತ್ತೇನೆ.

ಕ್ರೋಮಿಯಂ ಬಗ್ಗೆ ಎರಡೇ ಮಾತು. ಪ್ಲೇಟಿಂಗ್, ಅಂದರೆ ಲೋಹದ ಲೇಪ ಹಾಕುವ ಕೆಲಸ ಮಾಡುವವರಿಗೆ ಇದು ದಿನನಿತ್ಯದ ನೋಟ. ಹಳದಿ-ಕಿತ್ತಳೆ ಬಣ್ಣದ ತೊಳೆದ ನೀರಿಗೆ ಆಮ್ಲ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಸಿರಾಗುತ್ತದೆ. ಆರು ವೇಲೆನ್ಸಿಯದ್ದು ಮೂರಕ್ಕೆ ಇಳಿಯಿತು, ಕ್ಯಾನ್ಸರ್ ತರುವ ರೂಪ ಹೋಯಿತು. ಮೇಲೆ ಸುಣ್ಣ ಬಿದ್ದರೆ ಕೆಸರಾಗಿ ತಳಕ್ಕೆ ಕೂರುತ್ತದೆ. ನಮ್ಮ ಕಾನೂನು ಇದನ್ನು ಬಲ್ಲದು: ಆರು ವೇಲೆನ್ಸಿಯ ಕ್ರೋಮಿಯಂಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂಗೆ 2 ಮಿಲಿಗ್ರಾಂ ಎಂದು ಎರಡು ಅಂಕಿ ಇಟ್ಟಿದೆ. ರೂಪ ನೋಡಿ ಮಿತಿ ಹಾಕುವುದು ನಮಗೆ ಆಗದ ಕೆಲಸವಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಈಗ ನನಗೆ ನಿಜವಾಗಿ ಆತಂಕ ತರುವ ವಿಷಯಕ್ಕೆ ಬರುತ್ತೇನೆ. ಕೆರೆ ಹೂಳು.

ಹಳ್ಳಿಯ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ಹಳೆಯ, ಒಳ್ಳೆಯ ಪದ್ಧತಿ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಊರಿನ ಗಟಾರ ಸೇರುವ, ವರ್ಷವರ್ಷ ಬಣ್ಣದ ಮೂರ್ತಿಗಳು ಮುಳುಗುವ, ಗ್ಯಾರೇಜು-ವರ್ಕ್‌ಶಾಪುಗಳ ನೀರು ಹರಿದುಬರುವ ಪಟ್ಟಣದ ಕೆರೆಗಳ ಮಾತು ಬೇರೆ. ಅಂಥ ಕೆರೆಯ ತಳದ ಕೆಸರು ಕಪ್ಪಗೆ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ತಳದಲ್ಲಿ ಗಾಳಿಯಿಲ್ಲದ್ದರಿಂದ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡು ಮಾಡುತ್ತವೆ. ಆ ಸಲ್ಫೈಡು ಸೀಸ, ಕ್ಯಾಡ್ಮಿಯಂ, ತಾಮ್ರ, ಸತು ಎಲ್ಲವನ್ನೂ ಕರಗದಂತೆ ಕಟ್ಟಿಹಾಕುತ್ತದೆ. ನೀರಿನಡಿ ಇರುವಷ್ಟು ಕಾಲ ಮೀನಿಗೂ ಹುಳಕ್ಕೂ ಅವುಗಳ ತೊಂದರೆ ಕಡಿಮೆ. ಕೆರೆ ಬತ್ತಿಸಿ, ಜೆಸಿಬಿ ಇಳಿಸಿ, ಹೂಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲದಲ್ಲಿ ಹರಡಿದಾಗ ಗಾಳಿ ತಾಗುತ್ತದೆ. ಕೆಲವೇ ವಾರಗಳಲ್ಲಿ ಕಪ್ಪು ಹೋಗಿ ಕಂದು ಬಣ್ಣ ಬರುತ್ತದೆ. ಸಲ್ಫೈಡು ಮತ್ತೆ ಸಲ್ಫೇಟಾಗುತ್ತದೆ, ಅದು ಕಟ್ಟಿಹಾಕಿದ್ದ ಲೋಹಗಳು ಬಿಡುತ್ತವೆ. ಎರೆ ಹೊಲದಲ್ಲಿ ಸುಣ್ಣ ಅವನ್ನು ಮತ್ತೊಮ್ಮೆ ಹಿಡಿಯಬಹುದು. ಮಸಾರಿಯಲ್ಲಿ ಹಿಡಿಯುವವರಿಲ್ಲ. ಹಸಿ ಹೂಳಿನ ಪರೀಕ್ಷೆ ಮಾಡಿಸಿ "ದಕ್ಕುವ ಪಾಲು ಕಡಿಮೆ ಇದೆ, ಹೊಡೆಯಿರಿ" ಎಂದರೆ ಆ ವರದಿ ಮೋಸ ಮಾಡುತ್ತದೆ. ದಂಡೆಯ ಮೇಲೆ ಹರಡಿ, ಪೂರ್ತಿ ಒಣಗಿ ಕಂದಾದ ಮೇಲೆ ತೆಗೆದ ಮಾದರಿಯನ್ನೇ ಪರೀಕ್ಷಿಸಬೇಕು. ಯಾವ ಸ್ಥಿತಿಯಲ್ಲಿ ಅದು ಬೆಳೆಗೆ ಸಿಗುತ್ತದೋ ಆ ಸ್ಥಿತಿಯಲ್ಲಿ ಅಳೆಯಬೇಕು.

ಗಟಾರ ನೀರಿನ ಬೇಸಾಯವೂ ಇದಕ್ಕೆ ಅಂಟಿಕೊಂಡದ್ದೇ. ಹುಬ್ಬಳ್ಳಿಯ ಹೊರವಲಯದಲ್ಲಿ ಬಿಡನಾಳ, ಗಬ್ಬೂರ ಕಡೆ ನಾಲಾದ ನೀರೆತ್ತಿ ಬೆಳೆ ತೆಗೆಯುವುದು ಬಹಳ ವರ್ಷಗಳಿಂದ ನಡೆದಿದೆ. ಬೇಸಿಗೆಯಲ್ಲೂ ನೀರು, ಜೊತೆಗೆ ಸಾರಜನಕ. ಬೋರ್‌ವೆಲ್ ಕೈಕೊಟ್ಟ ರೈತ ಬೇರೆ ಏನು ಮಾಡಬೇಕು? ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಆ ನೀರಿನಲ್ಲಿ ಬರಬಹುದಾದ ಲೋಹಗಳ ಪೈಕಿ ಮೂರನ್ನು ಬೇರೆ ಬೇರೆ ಕಣ್ಣಿನಿಂದ ನೋಡಬೇಕು. ಸತು ಅತಿಯಾದರೆ ಗಿಡವೇ ಮೊದಲು ಹಳದಿಯಾಗಿ, ಕುಗ್ಗಿ, ಸಾಯುತ್ತದೆ. ತಿನ್ನುವವರ ತಾಟಿಗೆ ಬರುವ ಮುಂಚೆಯೇ ರೈತನಿಗೆ ಸುಳಿವು ಸಿಕ್ಕಿರುತ್ತದೆ. ಸೀಸ ಬೇರಿನಿಂದ ಮೇಲೇರುವುದು ಕಡಿಮೆ, ಎಲೆಗೆ ಅಂಟಿದ ಮಣ್ಣು-ಧೂಳಿನದ್ದೇ ದೊಡ್ಡ ಪಾಲು, ತೊಳೆದರೆ ಬಹಳಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಪಾಲಕ್, ರಾಜಗಿರಿಯಂಥ ತಪ್ಪಲ ಪಲ್ಯ ಅದನ್ನು ಹೀರಿಕೊಂಡು ಎಲೆಯಲ್ಲಿ ತುಂಬಿಕೊಂಡರೂ ಹಸಿರು ಹಸಿರಾಗಿಯೇ ಇರುತ್ತದೆ. ಗಿಡ ಏನೂ ಹೇಳುವುದಿಲ್ಲ. ತಿಂದವರ ಮೂತ್ರಪಿಂಡದಲ್ಲಿ ಅದು ಹತ್ತಾರು ವರ್ಷ ಕೂರುತ್ತದೆ. ಜಪಾನಿನ ಜಿಂಜೂ ನದಿಯ ಬಯಲಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿ ಉಂಡ ಹೆಂಗಸರ ಎಲುಬು ಮುರಿಯುವಷ್ಟು ಮೆತ್ತಗಾದದ್ದನ್ನು ಅಲ್ಲಿನ ಸರ್ಕಾರ 1968ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ನಮ್ಮ ಸಾಮಾನ್ಯ ಮಾನದಂಡದಲ್ಲಿ ಹಳ್ಳಕ್ಕೆ ಬಿಡುವ ನೀರಿನ ಕ್ಯಾಡ್ಮಿಯಂ ಮಿತಿ ಲೀಟರಿಗೆ 2 ಮಿಲಿಗ್ರಾಂ, ಸೀಸಕ್ಕೆ 0.1. ಗಟಾರ ನೀರಿನಲ್ಲಿ ಪಲ್ಯ ಬೆಳೆಯುವ ಊರಿನಿಂದ ನೋಡಿದರೆ ಆ 2 ಎಂಬ ಅಂಕಿಗೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಇಲ್ಲಿಯ ತನಕ ಹೇಳಿದ್ದನ್ನು ಕಾರ್ಖಾನೆಯ ವಕೀಲರೊಬ್ಬರು ಕೇಳಿಸಿಕೊಂಡಿದ್ದರೆ ಅವರಿಗೆ ಖುಷಿಯಾಗಿರುತ್ತದೆ. "ಒಟ್ಟು ಮೊತ್ತ ಮುಖ್ಯವಲ್ಲ, ಲೋಹ ಸಹಜವಾಗಿಯೇ ಇದೆ, ಮೊದಲು ಅಧ್ಯಯನ ಆಗಲಿ, ನಿಯಮ ಆಮೇಲೆ" ಎಂದು ಹೇಳಲು ಇಷ್ಟು ಸಾಕು. ಈ ವಾದ ಹಿಂದೆ ಎಂಥ ಅನಾಹುತ ಮಾಡಿದೆ ಎಂಬುದನ್ನು ಹೇಳದೆ ನಾನು ಕೂರುವುದಿಲ್ಲ.

1920ರ ದಶಕದಲ್ಲಿ ಪೆಟ್ರೋಲಿಗೆ ಸೀಸ ಸೇರಿಸಲು ಶುರು ಮಾಡಿದರು. ಅಮೆರಿಕದ ರಾಬರ್ಟ್ ಕೆಹೋ ಎಂಬ ವೈದ್ಯ, ಸೀಸದ ಉದ್ಯಮದ ಹಣದಿಂದ ನಡೆಯುತ್ತಿದ್ದ ಪ್ರಯೋಗಾಲಯದಿಂದ, ದಶಕಗಟ್ಟಲೆ ಒಂದೇ ಮಾತು ಹೇಳಿದ: ಸೀಸ ಪ್ರಕೃತಿಯಲ್ಲೇ ಇದೆ, ಎಲ್ಲರ ಮೈಯಲ್ಲೂ ಇದೆ, ಶರೀರ ಅದನ್ನು ಹೊರಹಾಕುತ್ತದೆ, ಹಾನಿಯಾಗುತ್ತದೆ ಎನ್ನುವವರು ಸಾಕ್ಷಿ ತರಲಿ. ಆ ಸಾಕ್ಷಿ ತಂದವನು ಆರೋಗ್ಯದ ಕ್ಷೇತ್ರದವನೇ ಅಲ್ಲ. ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಸೀಸದ ಐಸೊಟೋಪುಗಳಿಂದ (ತೂಕ ಬೇರೆಯಾದ ಸೀಸದ ಪರಮಾಣುಗಳಿಂದ) ಲೆಕ್ಕ ಹಾಕಿದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಆ ಅಳತೆಗೆ ಕೂತಾಗ ಅವನ ಪ್ರಯೋಗಾಲಯದ ಗಾಳಿ, ಧೂಳು, ಗಾಜು ಎಲ್ಲದರಲ್ಲೂ ಸೀಸ ಸಿಗುತ್ತಿತ್ತು. ಅದನ್ನು ತೊಳೆದು ತೊಳೆದು ಹೊರಹಾಕುವಾಗ, ಇದು ಪ್ರಕೃತಿಯ ಸೀಸವಲ್ಲ ಎಂಬುದು ಅವನಿಗೆ ತಿಳಿಯಿತು. ಆಗಿನ ಅಮೆರಿಕನ್ನರ ಮೈಯಲ್ಲಿದ್ದ ಸೀಸ ನಿಜವಾದ ಸಹಜ ಮಟ್ಟದ ಸುಮಾರು ನೂರು ಪಟ್ಟು ಎಂದು 1965ರಲ್ಲಿ ಬರೆದ. ಎಲ್ಲರಲ್ಲೂ ಇರುವುದನ್ನು ಸಹಜ ಎಂದು ಕರೆಯುವ ತಪ್ಪನ್ನು ಅವನು ಬಯಲು ಮಾಡಿದ. ಆದರೂ ಅಮೆರಿಕದ ರಸ್ತೆಗಳಿಂದ ಸೀಸದ ಪೆಟ್ರೋಲ್ ಪೂರ್ತಿ ಹೋಗಲು 1996 ಬಂತು. ನಮ್ಮಲ್ಲಿ 2000. ಜಗತ್ತಿನ ಕೊನೆಯ ದೇಶ ಅಲ್ಜೀರಿಯಾ, 2021.

ಈ ನಡುವೆ ಪೆಟ್ಟು ತಿಂದವರು ಮಕ್ಕಳು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಸೇರಿ ಭಾರತದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ, ಹನ್ನೆರಡು ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಇಂದು ಅಮೆರಿಕ ಆತಂಕದ ಗೆರೆಯನ್ನು 3.5ಕ್ಕೆ ಇಳಿಸಿದೆ. ಸುರಕ್ಷಿತ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2020ರಲ್ಲಿ ಯುನಿಸೆಫ್ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ, ಅವರಲ್ಲಿ 27 ಕೋಟಿಗೂ ಹೆಚ್ಚು ಭಾರತದವರು. ಪೆಟ್ರೋಲ್ ಹೋದರೂ ಹಳೆಯ ಬ್ಯಾಟರಿ ಉಳಿದಿದೆ. ಗುಜರಿಗೆ ಬಂದ ಬ್ಯಾಟರಿಯನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ಗಟಾರಕ್ಕೆ ಚೆಲ್ಲಿ, ತಟ್ಟೆಗಳನ್ನು ಬಯಲ ಒಲೆಯಲ್ಲಿ ಕರಗಿಸುವ ಕೆಲಸ ಎಲ್ಲಿ ನಡೆದರೂ, ಅದರ ಸುತ್ತಲ ಅಂಗಳದ ಧೂಳು ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಅಲ್ಲಿ ಮಣ್ಣಿನ ಪಿಎಚ್ ಎಷ್ಟು ಎಂದು ಕೇಳುತ್ತ ಕೂರಬಾರದು. ಎರೆ ಮಣ್ಣು ಬೇರಿಗೆ ಕೊಡದ ಸೀಸವನ್ನು ಮಗುವಿನ ಹೊಟ್ಟೆಯ ಆಮ್ಲ ಬಿಡಿಸಿಕೊಳ್ಳುತ್ತದೆ. ಒಲೆ ಇವತ್ತೇ ನಿಲ್ಲಬೇಕು, ಅಧ್ಯಯನ ನಾಳೆ ಮುಂದುವರಿಯಲಿ.

ಯಾವ ಲೋಹ ಜೀವಕ್ಕೆ ಬೇಕು, ಯಾವುದು ಯಾವ ಕೆಲಸಕ್ಕೂ ಬೇಡ ಎಂಬ ಭೇದ ಇಲ್ಲಿ ದೊಡ್ಡದು. ತಾಮ್ರ, ಸತುವಿಗೆ ಕೊರತೆಯೂ ಕೆಡುಕು, ಅತಿಯೂ ಕೆಡುಕು. ಅಲ್ಲಿ ನೆಲ ನೋಡಿ ಮಿತಿ ಹಾಕುವುದಕ್ಕೆ ಅರ್ಥವಿದೆ. ಸೀಸ, ಪಾದರಸ, ಕ್ಯಾಡ್ಮಿಯಂಗಳಿಂದ ಮನುಷ್ಯನಿಗೆ ಆಗಬೇಕಾದ್ದು ಏನೂ ಇಲ್ಲ. ಅವುಗಳ ವಿಷಯದಲ್ಲಿ ಅನುಮಾನದ ಲಾಭ ಜನರಿಗೆ ಸಿಗಬೇಕು. ಅಪಾಯ ಅಳೆಯುವ ಖರ್ಚು ಲೋಹ ಬಳಸಿ ಲಾಭ ಮಾಡುವವರ ಮೇಲೆ ಬೀಳಬೇಕು.

ನಮ್ಮ ಕಡೆ ಏನು ಮಾಡಬಹುದು? 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ, ಹನ್ನೆರಡು ಅಂಶಗಳ ಪರೀಕ್ಷೆ. ಅದರಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸು ಇವೆ, ಪಿಎಚ್ ಮತ್ತು ಸಾವಯವ ಇಂಗಾಲವೂ ಇವೆ. ಅಂದರೆ ಲೋಹದ ಅಪಾಯ ಅಂದಾಜು ಮಾಡಲು ಬೇಕಾದ ಅರ್ಧ ಮಾಹಿತಿ ಪ್ರತಿ ರೈತನ ಮನೆಯಲ್ಲಿದೆ. ಆದರೆ ತಾಮ್ರದ ಸಾಲಿನಲ್ಲಿ "ಕಡಿಮೆ" ಅಥವಾ "ಸಾಕಷ್ಟು" ಎಂದು ಓದುತ್ತೇವೆಯೇ ಹೊರತು, ಅತಿಯಾಯಿತೇ ಎಂದು ಕೇಳುವುದಿಲ್ಲ. ಸೀಸ, ಕ್ಯಾಡ್ಮಿಯಂಗಳ ಸಾಲೇ ಇಲ್ಲ. ಸತುವಿಗೆಂದು ತೆಗೆದ ಅದೇ ಡಿಟಿಪಿಎ ತಿಳಿಯಲ್ಲಿ, ಅದೇ ಯಂತ್ರದಲ್ಲಿ, ಆಯಾ ಲೋಹದ ದೀಪ ಹಾಕಿದರೆ ಸೀಸ, ಕ್ಯಾಡ್ಮಿಯಂ ಕೂಡ ಓದಬಹುದು. ಎಲ್ಲ ಹೊಲಕ್ಕೂ ಬೇಡ. ಗಟಾರ ನೀರು ಹಾಯುವ ಹೊಲ, ಪಟ್ಟಣದ ಕೆರೆ ಹೂಳು ಬಿದ್ದ ಹೊಲ, ಗುಜರಿ ಅಡ್ಡೆಗಳ ಪಕ್ಕದ ಹೊಲ, ಹಳೆಯ ಅಡಿಕೆ ತೋಟ, ಇಷ್ಟಕ್ಕೆ ಮಾಡಿದರೆ ಸಾಕು. ಜೊತೆಗೆ ಏನೂ ಬೀಳದ ಹೊಲಗಳ ಮಾದರಿಯನ್ನೂ ತೆಗೆಯಬೇಕು. ಸಹಜ ಮಟ್ಟ ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ಏರಿತೋ ಇಲ್ಲವೋ ಎಂದು ಹೇಳುವುದು ಹೇಗೆ?

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದು ನಿಯಮ ಹೊರಡಿಸಿದೆ. ಮೊದಲು ಶಂಕಿತ ಸ್ಥಳಗಳ ಪಟ್ಟಿ, ಆಮೇಲೆ ಪ್ರಾಥಮಿಕ ಪರೀಕ್ಷೆ, ಆಮೇಲೆ ವಿವರವಾದದ್ದು, ಮಾಡಿದವನೇ ಖರ್ಚು ಹೊರಬೇಕು ಎಂಬ ಕ್ರಮ ಅದರಲ್ಲಿದೆ. ಪಟ್ಟಿ ಶುರುವಾಗುವುದು ಸ್ಥಳೀಯ ಆಡಳಿತದಿಂದ. ನಿಮ್ಮ ಊರಿನ ಹಿಂದಿನ ಬ್ಯಾಟರಿ ಒಲೆ, ಮುಚ್ಚಿದ ಪ್ಲೇಟಿಂಗ್ ಶೆಡ್ಡಿನ ಜಾಗ ಯಾವುದು ಎಂದು ಬೆಂಗಳೂರಿನಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ನೀವು ಬರೆದು ಕೊಡಬೇಕು.

ಇನ್ನು ಪ್ರಶ್ನೆಗಳು.

ಹಾನಗಲ್ ಕಡೆಯ ತಾಯಿಯೊಬ್ಬರು ಕೇಳಿದರು: "ಹಂಗಾರ ಸರ, ಮೈಲುತುತ್ತ ಬಿಟ್ಟಬಿಡೂಣೇನ್ರಿ? ಕೊಳಿ ಬಂದ್ರ ಗೊನಿ ಉಳಿಯಂಗಿಲ್ಲರಿ."

ಬಿಡಬೇಡಿ ಅಮ್ಮಾ. ತೋಟದ ಮಣ್ಣಿನ ಡಿಟಿಪಿಎ ತಾಮ್ರ ಮತ್ತು ಪಿಎಚ್ ಎರಡನ್ನೂ ಒಮ್ಮೆ ನೋಡಿಸಿ, ಎರಡನ್ನೂ ಜೊತೆಗಿಟ್ಟು ಓದಿ. ಪಿಎಚ್ ತೀರ ಇಳಿದಿದ್ದರೆ ಸುಣ್ಣ ಹಾಕಿ ಏರಿಸಿಕೊಳ್ಳಿ, ಆಗ ಕೂಡಿಬಿದ್ದ ತಾಮ್ರದ ಕಾಟವೂ ಕಡಿಮೆಯಾಗುತ್ತದೆ. ಸೊಪ್ಪಿನ ಹೊದಿಕೆ ನಿಲ್ಲಿಸಬೇಡಿ. ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಲು ಆಳು ಸಿಗುವ ತೋಟದಲ್ಲಿ ಒಂದು ಸಿಂಪಡಣೆ ಉಳಿಸಬಹುದು. ಡ್ರಮ್ಮಿನಲ್ಲಿ ಉಳಿದ ದ್ರಾವಣವನ್ನು ಹಳ್ಳಕ್ಕೆ ಮಾತ್ರ ಚೆಲ್ಲಬೇಡಿ, ನಿಮ್ಮ ಕಡೆಯ ನೀರು ಮೃದು.

ಇನ್ನೊಬ್ಬ ವಿದ್ಯಾರ್ಥಿ ಕೇಳಿದ್ದು, ಮಾದರಿ ತಾನೇ ತೆಗೆಯಬಹುದೇ ಎಂದು. ಖಂಡಿತ ತೆಗೆಯಬಹುದಪ್ಪ. ಒಂದು ಹೊಲದಲ್ಲಿ ಹತ್ತು-ಹದಿನೈದು ಕಡೆ ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳದ ತನಕ ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋಕ್ಕೆ ಇಳಿಸಿ. ಬದು, ಗೊಬ್ಬರದ ತಿಪ್ಪೆ, ಗಿಡದ ನೆರಳು ಇವುಗಳಿಂದ ದೂರ ತೆಗೆಯಬೇಕು. ಗುದ್ದಲಿಯಿಂದ ಅಗೆದರೂ ಅದು ತಾಗಿದ ಮಣ್ಣನ್ನು ಕಟ್ಟಿಗೆಯ ಪಟ್ಟಿಯಿಂದ ಕೆರೆದು ಹಾಕಿ, ಒಳಗಿನದನ್ನು ತೆಗೆಯಿರಿ. ಸತು ನೋಡಿಸುವುದಿದ್ದರೆ ತಗಡಿನ ಬಕೆಟ್ಟಿನಲ್ಲಿ ಮಣ್ಣು ಕಲಸಲೇಬೇಡಿ, ಅದರ ಮೇಲಿನ ಲೇಪವೇ ಸತು. ಪ್ಲಾಸ್ಟಿಕ್ ಬುಟ್ಟಿ ಸಾಕು.